ಯಾಪ್ಯ: ಒಂದು ಶಬ್ದದ ಲೋಪವೂ ಅದರಿಂದಾದ ಹಾನಿಯೂ

ಭಾಷೆಯು ಕಾಲಕ್ರಮದಲ್ಲಿ ಕೆಲವು ಶಬ್ದಗಳನ್ನು ಕಳೆದುಕೊಳ್ಳುವುದು ಸಹಜವಾದುದು. ವಸ್ತುವೇ ಇಲ್ಲವಾದ ಮೇಲೆ ಅದರ ಹೆಸರು ಮರೆತುಹೋದರೆ ಯಾರಿಗೂ ನಷ್ಟವಿಲ್ಲ. ಆದರೆ ವಸ್ತುವು ಮನೆಮನೆಯಲ್ಲಿಯೂ ಇದ್ದು ಹೆಸರು ಮಾತ್ರ ಲುಪ್ತವಾದರೆ, ಆ ವಸ್ತುವನ್ನು ಕುರಿತು ನೆಟ್ಟಗೆ ಯೋಚಿಸುವ ಶಕ್ತಿಯೂ ಜನರಲ್ಲಿ ಕುಂದುತ್ತದೆ. ‘ಯಾಪ್ಯ’ವೆಂಬುದು ಅಂತಹ ಒಂದು ಶಬ್ದ. ವೈದ್ಯಶಾಸ್ತ್ರದ ಈ ಶಬ್ದವು ಬಳಕೆಯಿಂದ ಜಾರಿಹೋದುದರಿಂದ ಕನ್ನಡದ ಆರೋಗ್ಯಸಾಹಿತ್ಯಕ್ಕೂ ಕಥಾಸಾಹಿತ್ಯಕ್ಕೂ ಯಾವ ಕೊರತೆಯುಂಟಾಗಿದೆ, ಆ ಕೊರತೆಯ ಫಲವನ್ನು ಯಾರು ಅನುಭವಿಸುತ್ತಿದ್ದಾರೆ ಎಂಬುದು ವಿಚಾರಾರ್ಹವಾದ ವಿಷಯ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತನೆಯದಾದ ಮಹಾಚತುಷ್ಪಾದಾಧ್ಯಾಯದಲ್ಲಿ ವ್ಯಾಧಿಗಳನ್ನು ಸಾಧ್ಯ, ಅಸಾಧ್ಯ ಎಂದು ಮೊದಲು ಎರಡಾಗಿ ಒಡೆದಿದೆ. ಸಾಧ್ಯವು ಸುಖಸಾಧ್ಯ, ಕೃಚ್ಛ್ರಸಾಧ್ಯ ಎಂದು ಎರಡು ಬಗೆ. ಅಸಾಧ್ಯವು ಯಾಪ್ಯ, ಅನುಪಕ್ರಮ ಎಂದು ಎರಡು ಬಗೆ. ಅನುಪಕ್ರಮವೆಂದರೆ ಚಿಕಿತ್ಸೆಗೆ ನಿಲುಕದ್ದು. ಯಾಪ್ಯವಾದರೋ ಬೇರುಸಹಿತ ಕಿತ್ತುಹಾಕಲಾಗದಿದ್ದರೂ ಆಯುಸ್ಸಿರುವವರೆಗೆ ಪಥ್ಯೌಷಧಗಳಿಂದ ಹತೋಟಿಯಲ್ಲಿಟ್ಟು ನಡೆಸಿಕೊಂಡು ಹೋಗತಕ್ಕದ್ದು. ಎಚ್ಚರ ತಪ್ಪಿದರೆ ಸಣ್ಣ ನೆಪದಿಂದಲೇ ಕೆರಳತಕ್ಕದ್ದು. ಪ್ರಮೇಹಗಳಲ್ಲಿ ಪಿತ್ತದಿಂದ ಹುಟ್ಟಿದ ಆರನ್ನೂ ಯಾಪ್ಯವೆಂದು ಹೇಳಿದೆ. ತಮಕಶ್ವಾಸವು ಹೊಸದಾಗಿದ್ದಲ್ಲಿ ಸಾಧ್ಯವಾಗಬಹುದು, ಬೇರೂರಿದ ಮೇಲೆ ಯಾಪ್ಯ. ಸುಶ್ರುತನು ಇದಕ್ಕೆ ಕೊಟ್ಟಿರುವ ಉಪಮೆಯು ಮನನೀಯವಾಗಿದೆ. ಯಾಪ್ಯರೋಗಿಯ ದೇಹವು ಬೀಳಲಿರುವ ಮನೆ; ಚಿಕಿತ್ಸೆಯು ಅದಕ್ಕೆ ಚೆನ್ನಾಗಿ ಕೊಟ್ಟ ಆಸರೆಯ ಕಂಬ. ಕಂಬವಿರುವವರೆಗೆ ಮನೆಯಲ್ಲಿ ವಾಸಮಾಡಬಹುದು, ಮದುವೆಮುಂಜಿಗಳನ್ನೂ ನಡೆಸಬಹುದು. ಕಂಬವನ್ನು ತೆಗೆದರೆ ಮನೆ ಬೀಳುವುದು.

ಈ ಶಬ್ದದ ವ್ಯುತ್ಪತ್ತಿಯಲ್ಲಿ ಒಂದು ವಿಶೇಷವುಂಟು. ‘ಯಾ’ ಧಾತುವಿಗೆ ಹೋಗು ಎಂಬ ಅರ್ಥ. ಅದರ ಪ್ರೇರಣರೂಪವಾದ ‘ಯಾಪಯತಿ’ಗೆ ಸಾಗಿಸುತ್ತಾನೆ, ಕಳೆಯುತ್ತಾನೆ ಎಂಬ ಅರ್ಥ. ಅದಕ್ಕೆ ಕೃತ್ಯಪ್ರತ್ಯಯ ಸೇರಿ ‘ಯಾಪ್ಯ’ವಾಯಿತು. ಕೃತ್ಯಪ್ರತ್ಯಯವು ಬಂದಲ್ಲಿ ಶಕ್ಯತೆಯೂ ಕರ್ತವ್ಯವೂ ಅರ್ಥದಲ್ಲಿ ಸೇರಿಬರುತ್ತವೆ: ಪೂಜ್ಯನೆಂದರೆ ಪೂಜಿಸತಕ್ಕವನು, ಪಠ್ಯವೆಂದರೆ ಓದತಕ್ಕದ್ದು. ಹಾಗೆಯೇ ಯಾಪ್ಯವೆಂದರೆ ಸಾಗಿಸಬಹುದಾದದ್ದು, ಸಾಗಿಸತಕ್ಕದ್ದು. ಈಗ ಕನ್ನಡದ ಪತ್ರಿಕೆಗಳಲ್ಲಿ ರೂಢಿಗೆ ಬಂದಿರುವ ‘ದೀರ್ಘಕಾಲಿಕ ರೋಗ’ವೆಂಬ ಮಾತು ರೋಗದ ಕಾಲಪ್ರಮಾಣವನ್ನು ಮಾತ್ರ ತಿಳಿಸುತ್ತದೆ. ‘ಯಾಪ್ಯ’ವೆಂಬುದು ಮನುಷ್ಯನ ಕೆಲಸವನ್ನೂ ತಿಳಿಸುತ್ತದೆ. ಮೊದಲನೆಯದನ್ನು ಕೇಳಿದವನು ನಿಟ್ಟುಸಿರು ಬಿಡುವನು. ಎರಡನೆಯದನ್ನು ಕೇಳಿದವನು ‘ಹಾಗಾದರೆ ಏನು ಮಾಡಬೇಕು?’ ಎಂದು ಕೇಳುವನು.

ಶಬ್ದಕ್ಕೆ ಬಂದ ಗತಿಯೂ ಗಮನಿಸತಕ್ಕದ್ದೇ. ಅಮರಸಿಂಹನ ಕೋಶದಲ್ಲಿ ‘ಯಾಪ್ಯ’ವು ಅಧಮವೆಂಬರ್ಥದ ಶಬ್ದಗಳ ಸಾಲಿನಲ್ಲಿಯೂ ಸೇರಿದೆ, ಪಲ್ಲಕ್ಕಿಗೆ ‘ಯಾಪ್ಯಯಾನ’ವೆಂಬ ಹೆಸರೂ ಅಲ್ಲಿಯೇ ಇದೆ. ಕನ್ನಡದಲ್ಲಿ ಉಳಿದಿರುವ ಅದರ ಬಂಧುವೆಂದರೆ ‘ಕಾಲಯಾಪನೆ’. ಅದೂ ವ್ಯರ್ಥವಾಗಿ ಹೊತ್ತು ಕಳೆಯುವುದೆಂಬ ಹೀನಾರ್ಥದಲ್ಲಿ. ದಿನದಿನವೂ ಎಚ್ಚರದಿಂದ ಆಯುಸ್ಸನ್ನು ಮುಂದಕ್ಕೆ ಸಾಗಿಸುವ ಕಷ್ಟದ ಕೆಲಸವನ್ನು ಹೇಳುತ್ತಿದ್ದ ಧಾತುವು ಸೋಮಾರಿತನದ ಹೆಸರಾಗಿಬಿಟ್ಟಿತು.

ಹೀಗೆ ನಡುವಣ ಶಬ್ದವು ಕಳೆದುಹೋದ ಮೇಲೆ ಕನ್ನಡದ ಮನೆಮಾತಿನಲ್ಲಿ ಉಳಿದವು ಎರಡೇ: ರೋಗ ಗುಣವಾಗುತ್ತದೆ, ಇಲ್ಲವೆ ಗುಣವಾಗುವುದಿಲ್ಲ. ‘ವಾಸಿ’ಯೆಂಬ ಇನ್ನೊಂದು ಮಾತಿದೆ, ಅದರಲ್ಲಿ ಇಬ್ಬಗೆಯ ಅರ್ಥವಡಗಿದೆ. ‘ಅದಕ್ಕಿಂತ ಇದು ವಾಸಿ’ ಎಂದಾಗ ಮೇಲು ಎಂದರ್ಥ. ‘ಜ್ವರ ವಾಸಿಯಾಯಿತು’ ಎಂದಾಗ ಸಂಪೂರ್ಣ ನಿವೃತ್ತಿಯಾಯಿತೆಂದರ್ಥ. ಹರಿಹರ ದಾವಣಗೆರೆಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ದಮ್ಮಾಗಲಿ ಕಾಲಿಡದ ಬೀದಿಯನ್ನು ಹುಡುಕುವುದು ಕಷ್ಟ. ಅಂತಹ ಬೀದಿಯ ಒಂದು ಮನೆಯ ಪಡಸಾಲೆಯಲ್ಲಿ ನಡೆಯುವ ಮಾತನ್ನು ಊಹಿಸಿಕೊಳ್ಳಬಹುದು. ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದುಕೊಂಡು ಬಂದ ಯಜಮಾನನು, “ನೋಡು, ಸಕ್ರಿ ಇಳದೈತಿ, ವಾಸಿ ಆಗೇತಿ, ಇನ್ನ ಗುಳಿಗಿ ಯಾಕ?” ಎನ್ನುವನು. ಮನೆಯಾಕೆಯೂ ಸಂತೋಷದಿಂದ ಹೋಳಿಗೆಗೆ ಹೂರಣ ರುಬ್ಬುವಳು. ‘ವಾಸಿ’ಯೆಂಬುದನ್ನು ಅವನು ಮೊದಲನೆಯ ಅರ್ಥದಲ್ಲಿ ಹೇಳಿದ್ದರೆ ಮಾತು ಸರಿಯಾಗಿತ್ತು, ಎರಡನೆಯ ಅರ್ಥದಲ್ಲಿ ಹೇಳಿದನು. ಮನೆ ನೆಟ್ಟಗೆ ನಿಂತಿದೆಯಾದುದರಿಂದ ಇನ್ನು ಕಂಬವೇಕೆಂದು ಕೇಳಿದಂತಾಯಿತು. ಇಂತಹ ಮನೆಗಳಲ್ಲಿ ಕೆಲವು ವರ್ಷಗಳ ಮೇಲೆ ಕಣ್ಣು ಮಸಕಾಗಿ, ಕಾಲಿನ ಹುಣ್ಣು ಮಾಯದೆ, ಮೂತ್ರಪಿಂಡ ಕೆಟ್ಟು, ‘ಏಕಾಏಕಿ ಹೀಗಾಯಿತು’ ಎಂದು ದುಃಖಿಸುವುದುಂಟು. ಏಕಾಏಕಿಯಾಗಿ ಆದುದು ಏನೂ ಇಲ್ಲ.

ಆರೋಗ್ಯವಿಷಯಕವಾದ ಬರೆವಣಿಗೆಯು ಈ ಭ್ರಮೆಯನ್ನು ಕಳೆಯಬೇಕಾಗಿತ್ತು. ಆದರೆ ಪುರವಣಿಗಳಲ್ಲಿಯೂ, ಈಗ ಮೊಬೈಲುಗಳಲ್ಲಿಯೂ ಹರಿದಾಡುವ ಬರೆಹಗಳಲ್ಲಿ ಎರಡು ಜಾತಿಗಳೇ ಹೆಚ್ಚಾಗಿ ಕಾಣುತ್ತವೆ. ‘ಇಂತಹ ಎಲೆಯ ರಸ ಕುಡಿದು ಮೂರು ತಿಂಗಳಲ್ಲಿ ಗುಣವಾದೆ’ ಎಂಬ ಅನುಭವಕಥನ ಒಂದು. ‘ವಿಜ್ಞಾನಿಗಳು ರೋಗವನ್ನು ಗೆದ್ದರು’ ಎಂಬ ವಿಜಯವಾರ್ತೆ ಇನ್ನೊಂದು. ಈ ಎರಡಕ್ಕೂ ಸಮಾನವಾದ ಒಂದು ದೋಷವಿದೆ. ಕಥೆಯನ್ನು ಎಲ್ಲಿ ಮುಗಿಸಬಾರದೋ ಅಲ್ಲಿಯೇ ಅವು ಮುಗಿಸುತ್ತವೆ.

ಅನುಭವಕಥನವನ್ನು ಮೊದಲು ಪರೀಕ್ಷಿಸಬಹುದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮತ್ತೆ ಮತ್ತೆ ತಪಾಸಣೆ ನಡೆಸಿದರು. ಕ್ರಮವಾದ ಚಿಕಿತ್ಸೆಯು ಹಳ್ಳಿಗಳನ್ನು ಇನ್ನೂ ಮುಟ್ಟದಿದ್ದ ಕಾಲವದು. ಮೊದಲ ಸಲ ಕಫದಲ್ಲಿ ರೋಗಾಣು ಕಂಡುಬಂದಿದ್ದವರು ಐದು ವರ್ಷಗಳ ಮೇಲೆ ಏನಾದರೆಂದು ನೋಡಲಾಗಿ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತೀರಿಹೋಗಿದ್ದರು. ಸುಮಾರು ಮೂರನೆಯ ಒಂದು ಭಾಗದವರ ಕಫದಲ್ಲಿ ರೋಗಾಣು ಇರಲಿಲ್ಲ. ಉಳಿದವರಲ್ಲಿ ರೋಗ ಹಾಗೆಯೇ ಇತ್ತು. ಇದರ ತಾತ್ಪರ್ಯವನ್ನು ವಾಚಕರು ನಿದಾನವಾಗಿ ಆಲೋಚಿಸಬೇಕು. ಆ ಮೂರನೆಯ ಭಾಗದವರಲ್ಲಿ ಒಬ್ಬೊಬ್ಬರೂ ಯಾವುದೋ ಕಷಾಯವನ್ನೋ ತಾಯತವನ್ನೋ ಹರಕೆಯನ್ನೋ ನೆಚ್ಚಿದ್ದರೆ, ತಮ್ಮನ್ನು ಉಳಿಸಿದುದು ಅದೇ ಎಂದು ಸತ್ಯಸಂಧರಾಗಿಯೇ ಸಾಕ್ಷಿ ಹೇಳುತ್ತಿದ್ದರು. ಅದೇ ಕಷಾಯವನ್ನು ಕುಡಿದು ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ಅನುಭವಕಥನವು ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಉಳಿದವರ ಕಥನ ಮಾತ್ರವೆಂಬುದು ಸಿದ್ಧವಾಗುತ್ತದೆ. ತರ್ಕಶಾಸ್ತ್ರದ ಮಾತಿನಲ್ಲಿ ಅಲ್ಲಿ ಅನ್ವಯವುಂಟು, ವ್ಯತಿರೇಕವಿಲ್ಲ. ಔಷಧವಿದ್ದಲ್ಲಿ ಗುಣವಾಯಿತೆಂದರೆ ಸಾಲದು. ಔಷಧವಿಲ್ಲದಲ್ಲಿ ಏನಾಯಿತೆಂಬುದನ್ನೂ ತೋರಿಸಬೇಕು.

ವ್ಯತಿರೇಕವನ್ನು ತೋರಿಸುವ ಕ್ರಮವನ್ನು ಆಧುನಿಕ ವೈದ್ಯರು ಚೆನ್ನಾಗಿ ಕಂಡುಕೊಂಡಿದ್ದಾರೆ. ಸ್ಟ್ರೆಪ್ಟೊಮೈಸಿನ್ ಎಂಬ ಕ್ಷಯರೋಗದ ಔಷಧದ ಪರೀಕ್ಷೆಯ ವರದಿಯು 1948ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿಯೆತ್ತಿದಂತೆ ನಿರ್ಣಯಿಸಿದ್ದರು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿಯೂ, ಪಡೆಯದ 52 ಮಂದಿಯಲ್ಲಿ 14 ಮಂದಿಯೂ ಮೃತರಾದರು. ವಿಜಯವಾರ್ತೆಯನ್ನು ಬರೆಯುವವನು ಇಲ್ಲಿಯೇ ಲೇಖನಿಯನ್ನು ಕೆಳಗಿಡುವನು. ಆದರೆ ಆ ವೈದ್ಯರು ಕೆಳಗಿಡಲಿಲ್ಲ. ಅವೇ ರೋಗಿಗಳನ್ನು ಐದು ವರ್ಷ ಅನುಸರಿಸಿ ಎಣಿಸಲಾಗಿ ಮೃತರ ಸಂಖ್ಯೆ 32 ಮತ್ತು 35 ಆಗಿತ್ತು. ಒಂದೇ ಔಷಧವನ್ನು ಕೊಟ್ಟುದರಿಂದ ರೋಗಾಣುಗಳು ಅದನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆದಿದ್ದುವು. ಎರಡು ಮೂರು ಔಷಧಗಳನ್ನು ಜೊತೆಗೂಡಿಸಬೇಕೆಂಬ ವಿವೇಕವು ಈ ಅನುಭವದಿಂದ ದೃಢವಾಯಿತು. ಅದರಿಂದಲೇ ಮುಂದೆ ಕ್ಷಯವು ಸಾಧ್ಯರೋಗವಾಯಿತು. ಆರು ತಿಂಗಳ ಕಥೆಯೂ ಸತ್ಯ, ಐದು ವರ್ಷಗಳ ಕಥೆಯೂ ಸತ್ಯ. ಆದರೆ ಮೊದಲನೆಯದನ್ನಷ್ಟೇ ಹೇಳಿದವನು ಅಸತ್ಯವನ್ನು ಹೇಳಿದಂತಾಗುತ್ತಿತ್ತು.

ಕಾವ್ಯದಲ್ಲಿ ಉಪಕ್ರಮೋಪಸಂಹಾರಗಳನ್ನು ನೋಡಿ ತಾತ್ಪರ್ಯವನ್ನು ನಿರ್ಣಯಿಸಬೇಕೆಂಬುದು ಮೀಮಾಂಸಕರು ಕಲಿಸಿದ ಪಾಠ. ರೋಗದ ಕಥೆಗೂ ಅದೇ ನ್ಯಾಯ. ಅದರ ಉಪಕ್ರಮವು ಎಷ್ಟು ಹಿಂದಕ್ಕೆ ಹೋಗಬಹುದೆಂಬುದಕ್ಕೆ ಮೈಸೂರಿನ ಒಂದು ನಿದರ್ಶನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಆಗ ಹುಟ್ಟಿದ್ದವರಲ್ಲಿ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಕೃಶರಾಗಿದ್ದವರಲ್ಲಿ ನಡುವಯಸ್ಸಿನ ಹೃದ್ರೋಗವು ಹೆಚ್ಚಾಗಿತ್ತೆಂದು 1996ರಲ್ಲಿ ಪ್ರಕಟವಾಯಿತು. ಆ ದಿನ ತಕ್ಕಡಿಯಲ್ಲಿ ಕೂಸನ್ನಿಟ್ಟು ಅಂಕಿಯನ್ನು ಬರೆದವರಿಗೆ ತಾವು ಒಂದು ಗ್ರಂಥದ ಮೊದಲ ಪಂಕ್ತಿಯನ್ನು ಬರೆಯುತ್ತಿದ್ದೇವೆಂಬ ಅರಿವು ಇದ್ದಿರಲಾರದು. ನಿಷ್ಠೆಯಿಂದ ಬರೆದಿಟ್ಟ ನೀರಸವಾದ ಲೆಕ್ಕವೂ ಸಾಹಿತ್ಯವೇ. ಅದರ ಓದುಗನು ಮಾತ್ರ ತಡವಾಗಿ ಬರುತ್ತಾನೆ.

ಇನ್ನು ಯಾಪ್ಯದ ವಿಷಯಕ್ಕೆ ಮರಳಬಹುದು. ಆಧುನಿಕ ವೈದ್ಯದ ದೊಡ್ಡ ಸಾಧನೆಗಳಲ್ಲಿ ಹಲವು ಅಸಾಧ್ಯವನ್ನು ಯಾಪ್ಯಕ್ಕೆ ತಂದವುಗಳೆಂಬುದನ್ನು ಕನ್ನಡ ಬರೆಹಗಳು ಸಾಕಷ್ಟು ಸ್ಪಷ್ಟವಾಗಿ ಹೇಳಿಲ್ಲ, ಹೇಳಲು ಶಬ್ದವಿರಲಿಲ್ಲ. 1922ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಡುವುದಕ್ಕೆ ಮೊದಲು, ಎಳೆಯರಿಗೆ ಬಂದ ಮಧುಮೇಹವೆಂದರೆ ಮರಣವೇ. ಇನ್ಸುಲಿನ್ ಆ ರೋಗವನ್ನು ಗುಣಪಡಿಸಲಿಲ್ಲ, ಯಾಪ್ಯವಾಗಿ ಮಾಡಿತು. ಏಡ್ಸ್ ರೋಗಾಣುವಿನ ವಿಷಯದಲ್ಲಿಯೂ 1996ರ ಸುಮಾರಿಗೆ ಬಂದ ಸಂಯುಕ್ತ ಔಷಧಗಳು ಹಾಗೆಯೇ ಮಾಡಿದುವು. ಭಾರತದಲ್ಲಿ 2004ರಿಂದ ಅವನ್ನು ಸರ್ಕಾರವೇ ಉಚಿತವಾಗಿ ಕೊಡತೊಡಗಿತು. ಇದನ್ನು ‘ಗುಣವಾಗುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿದರೆ ಸಾಧನೆಯೆಲ್ಲ ಕಾಣದೆ ಹೋಗುತ್ತದೆ. ‘ಗುಣವಾಗುತ್ತದೆ’ ಎಂದರೆ ಸುಳ್ಳಾಗುತ್ತದೆ.

ಹೆಸರನ್ನು ಹಳೆಯ ಶಾಸ್ತ್ರವು ಕೊಟ್ಟಿತು. ಅಳತೆಯನ್ನು ಹೊಸ ಶಾಸ್ತ್ರವು ಕೊಟ್ಟಿದೆ. ಹೆಸರು ಇತ್ತೆಂಬ ಮಾತ್ರಕ್ಕೆ ಅಳತೆಯೂ ಪೂರ್ವಿಕರಿಗೆ ಇತ್ತೆಂದು ಹೇಳುವುದು ಅಭಿಮಾನವಾದೀತೇ ಹೊರತು ಪ್ರಮಾಣವಾಗದು. ಇಂಗ್ಲೆಂಡಿನಲ್ಲಿ 1977ರಲ್ಲಿ ತೊಡಗಿದ ಮಧುಮೇಹದ ಮಹಾಪರೀಕ್ಷೆಯೊಂದರಲ್ಲಿ 5,102 ರೋಗಿಗಳನ್ನು ಸೇರಿಸಿಕೊಂಡು ಇಪ್ಪತ್ತು ವರ್ಷ ನಡೆಸಿ 1998ರಲ್ಲಿ ಫಲವನ್ನು ಪ್ರಕಟಿಸಿದರು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು ಮೂತ್ರಪಿಂಡ ಮೊದಲಾದೆಡೆಗಳ ಸೂಕ್ಷ್ಮ ರಕ್ತನಾಳಗಳ ಕೇಡು ನಾಲ್ಕನೆಯ ಒಂದು ಭಾಗದಷ್ಟು ತಗ್ಗಿತ್ತು. ಪರೀಕ್ಷೆ ಮುಗಿದ ಒಂದು ವರ್ಷದೊಳಗೆ ಎರಡು ಗುಂಪಿನವರ ಸಕ್ಕರೆಯೂ ಒಂದೇ ಮಟ್ಟಕ್ಕೆ ಬಂದಿತು. ಆದರೂ ಹತ್ತು ವರ್ಷಗಳ ಮೇಲೆ, 2008ರಲ್ಲಿ ನೋಡಿದಾಗ, ಮೊದಲು ಎಚ್ಚರದಿಂದಿದ್ದವರಿಗೆ ಒದಗಿದ ಲಾಭವು ಉಳಿದೇ ಇತ್ತು. ಇಲ್ಲಿ ಸುಶ್ರುತನ ಉಪಮೆಯನ್ನು ಕೊಂಚ ತಿದ್ದಬೇಕಾಗುತ್ತದೆ. ತಕ್ಕ ಕಾಲದಲ್ಲಿ ಕೊಟ್ಟ ಕಂಬವು ಮನೆಯನ್ನು ಎತ್ತಿ ಹಿಡಿಯುವುದಲ್ಲದೆ ಗೋಡೆಯನ್ನೂ ಕೆಲಮಟ್ಟಿಗೆ ಗಟ್ಟಿಮಾಡುತ್ತದೆ. ಮೊದಲ ವರ್ಷಗಳ ಪಥ್ಯವು ಹರೆಯದಲ್ಲಿ ಕೂಡಿಟ್ಟ ಹಣದಂತೆ ಮುಪ್ಪಿನಲ್ಲಿ ಬಡ್ಡಿ ಕೊಡುತ್ತದೆ.

ಹಾಗೆಂದು ಬಿಗಿ ಹೆಚ್ಚಿದಷ್ಟೂ ಮೇಲೆಂದು ತಿಳಿಯಬಾರದು. ಅಮೆರಿಕ ಕೆನಡಗಳಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಬಹುಕಾಲದಿಂದ ಮಧುಮೇಹವಿದ್ದು ಹೃದ್ರೋಗದ ಭಯವೂ ಇದ್ದವರ ಸಕ್ಕರೆಯನ್ನು ಆರೋಗ್ಯವಂತರ ಮಟ್ಟಕ್ಕೇ ಇಳಿಸಲು ಹೋಗಿ, ಆ ಗುಂಪಿನಲ್ಲಿ ಸಾವುಗಳು ಹೆಚ್ಚಾದುದರಿಂದ 2008ರಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ವೈದ್ಯರು ತಮ್ಮ ಊಹೆಯು ತಪ್ಪಾದುದನ್ನು ತಾವೇ ಎಣಿಸಿ ತಾವೇ ಪ್ರಕಟಿಸಿದರು. ವಿಜಯವಾರ್ತೆಗಳ ನಡುವೆ ಇಂತಹ ಪರಾಜಯವಾರ್ತೆಗೆ ಪುರವಣಿಗಳಲ್ಲಿ ಎಡೆ ದೊರೆಯುವುದು ಅಪರೂಪ. ಆದರೆ ಶಾಸ್ತ್ರದ ಮೇಲೆ ನಂಬಿಕೆ ಹುಟ್ಟಿಸತಕ್ಕದ್ದು ಇದೇ.

ಕಥಾಸಾಹಿತ್ಯದ ಕಡೆಗೆ ತಿರುಗಿದರೆ ಅಲ್ಲಿಯೂ ರೋಗವು ಬಹುಮಟ್ಟಿಗೆ ಒಂದು ಘಟನೆ. ಕ್ಷಯ ಬಂದ ನಾಯಿಕೆಯು ಕೆಮ್ಮಿ ಸಾಯುವಳು, ಶಸ್ತ್ರಚಿಕಿತ್ಸೆಯಾದ ನಾಯಕನು ಕಣ್ತೆರೆದು ನಗುವನು, ಅಲ್ಲಿಗೆ ಮಂಗಳ. ಮೂವತ್ತು ವರ್ಷ ಗುಳಿಗೆ ನುಂಗಿ ಬಾಳುವವನ ಬಾಳು ಕಥೆಗೆ ಒದಗುವುದಿಲ್ಲವೆಂಬ ಭಾವನೆಯಿದೆ. ಈ ರೂಢಿಯನ್ನು ಮುರಿದ ಕೃತಿಗಳಲ್ಲಿ ತ್ರಿವೇಣಿಯವರ ‘ಶರಪಂಜರ’ಕ್ಕೆ ಮೊದಲ ಸ್ಥಾನ ಸಲ್ಲತಕ್ಕದ್ದು. 1971ರ ಚಲನಚಿತ್ರದ ದೆಸೆಯಿಂದ ಕಾದಂಬರಿಯನ್ನು ಓದದವರಿಗೂ ಅದರ ಕಥೆ ಪರಿಚಿತವಾಗಿದೆ. ಕಾವೇರಿಯು ಬಾಣಂತನದಲ್ಲಿ ಬುದ್ಧಿಭ್ರಮಣೆಗೊಳಗಾಗಿ ಆಸ್ಪತ್ರೆ ಸೇರಿ ಚೇತರಿಸಿಕೊಂಡು ಮನೆಗೆ ಬರುತ್ತಾಳೆ. ಸಾಮಾನ್ಯ ಕಥೆಗಾರನು ಇಲ್ಲಿ ಕಥೆಯನ್ನು ಮುಗಿಸುತ್ತಿದ್ದನು. ತ್ರಿವೇಣಿಯವರ ಕಥೆಯ ತಿರುಳು ಇರುವುದು ಇದರಿಂದ ಮುಂದೆ. ಮನೆಗೆ ಬಂದವಳನ್ನು ಪತಿಯು ಮೊದಲಿನಂತೆ ಕಾಣುವುದಿಲ್ಲ; ಅವಳ ನಗುವನ್ನೂ ಕೋಪವನ್ನೂ ಎಲ್ಲರೂ ಹುಚ್ಚಿನ ಲಕ್ಷಣವೆಂದೇ ಎಣಿಸುತ್ತಾರೆ. ವೈದ್ಯರು ಕೊಟ್ಟ ಕಂಬವನ್ನು ಮನೆಯವರೇ ಒಂದೊಂದು ಅಂಗುಲ ಸರಿಸುತ್ತಾರೆ. ಮನೆ ಮತ್ತೆ ಕುಸಿಯುತ್ತದೆ. 1963ರಲ್ಲಿ ಅಕಾಲದಲ್ಲಿ ತೀರಿಕೊಂಡ ಈ ಲೇಖಕಿಯು ಚಿಕಿತ್ಸೆಯ ಫಲವನ್ನು ಆಸ್ಪತ್ರೆಯ ಬಾಗಿಲಿನಲ್ಲಲ್ಲದೆ ಅಡಿಗೆಮನೆಯ ಬಾಗಿಲಿನಲ್ಲಿ ಅಳೆದರು. ಆ ಕಾದಂಬರಿಯನ್ನು ಬರಿಯ ಕರುಣಕಥೆಯೆಂದು ಓದಿದವರು ಅದರ ಅರ್ಧವನ್ನೇ ಓದಿದವರು.

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕನು ಹೇಳಿರುವುದರ ಸಾರ್ಥಕ್ಯವೂ ಇಲ್ಲಿಯೇ ಕಾಣುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಮೂರು ದಿನದ ಜ್ವರದಲ್ಲಿ ಮೊದಲೆರಡು ಪಾದಗಳಿಂದಲೇ ಕೆಲಸ ಸಾಗೀತು. ಯಾಪ್ಯದಲ್ಲಿ ವೈದ್ಯನನ್ನು ತಿಂಗಳಿಗೊಮ್ಮೆ ಕಂಡರೆ ಹೆಚ್ಚು. ಉಳಿದ ದಿನಗಳಲ್ಲಿ ಕಂಬವನ್ನು ಹಿಡಿದಿರುವವರು ರೋಗಿಯೂ ಮನೆಯವರೂ. ದಾವಣಗೆರೆಯಲ್ಲಿ 1965ರಲ್ಲಿ ಜೆ. ಜೆ. ಎಂ. ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾದಂದಿನಿಂದ ಮೊದಲ ಪಾದಕ್ಕೆ ಈ ಸೀಮೆಯಲ್ಲಿ ಬಲ ಬಂದಿದೆ. ಔಷಧದ ಅಂಗಡಿಗಳಿಗೂ ಕೊರತೆಯಿಲ್ಲ. ಮೂರನೆಯ ನಾಲ್ಕನೆಯ ಪಾದಗಳಿಗೆ ಬಲ ಕೊಡತಕ್ಕದ್ದು ಭಾಷೆ. ಅದು ಸಾಹಿತ್ಯದವರ ಹೊಣೆ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ‘ನಿನ್ನ ರೋಗವು ಬಾಳಿರುವವರೆಗೂ ಇರತಕ್ಕದ್ದು ಎಂದು ಹೇಳಿದರೆ ರೋಗಿಯ ಧೈರ್ಯ ಕುಂದದೆ? ಗುಣವಾಗುತ್ತದೆಂದು ನಂಬಿಸುವುದೇ ದಯೆಯಲ್ಲವೆ?’ ಎಂದು. ಈ ಆಕ್ಷೇಪದಲ್ಲಿ ಕರುಣೆಯುಂಟು, ಆದುದರಿಂದ ಅದನ್ನು ಅಲ್ಲಗಳೆಯಲಾಗದು. ಆದರೆ ಆ ದಯೆಯ ಆಯುಸ್ಸು ಅಲ್ಪ. ಗುಣವಾಗುತ್ತದೆಂದು ನಂಬಿದವನು ಒಂದು ವರ್ಷ ಕಾದು, ಆಗದಿರಲು ವೈದ್ಯನನ್ನು ಬಿಡುವನು. ಇನ್ನೊಬ್ಬನನ್ನು ಹಿಡಿದು ಅವನನ್ನೂ ಬಿಡುವನು. ಕೊನೆಗೆ ಹಣವನ್ನೂ ನಂಬಿಕೆಯನ್ನೂ ಕಳೆದುಕೊಂಡು ಎಲ್ಲವನ್ನೂ ಬಿಡುವನು. ಯಾಪ್ಯವೆಂದು ತಿಳಿದವನಿಗೆ ಈ ಅಲೆದಾಟವಿಲ್ಲ. ಅವನು ಕಾಯುವುದು ಗುಣವಾಗುವ ದಿನವನ್ನಲ್ಲ, ಇವತ್ತಿನ ದಿನವನ್ನು. ಬಡವನಿಗೆ ತಿಂಗಳು ತಿಂಗಳು ಗುಳಿಗೆ ಕೊಳ್ಳುವುದು ಕಷ್ಟವೆಂಬುದು ನಿಜವಾದ ಕಷ್ಟವೇ; ಆ ಕಷ್ಟಕ್ಕೆ ಸಮಾಜವೂ ಸರ್ಕಾರವೂ ಹೆಗಲು ಕೊಡಬೇಕೇ ಹೊರತು ಸುಳ್ಳು ಭರವಸೆಯಿಂದ ಅದನ್ನು ಮುಚ್ಚಲಾಗದು.

ಹರಿಹರದ ಜನಕ್ಕೆ ಈ ವಿಚಾರವು ಕಠಿನವಾಗಬೇಕಾದ ಕಾರಣವಿಲ್ಲ. 1224ರಲ್ಲಿ ಪೋಲಾಳ್ವ ದಂಡನಾಯಕನು ಕಟ್ಟಿಸಿದ ದೇಗುಲದಲ್ಲಿ ಒಂದೇ ವಿಗ್ರಹದ ಬಲಭಾಗವನ್ನು ಹರನೆಂದೂ ಎಡಭಾಗವನ್ನು ಹರಿಯೆಂದೂ ಕಂಡು ಕೈಮುಗಿದವರ ವಂಶಸ್ಥರು ಅವರು. ರೋಗವನ್ನು ದೇವರಿಗೆ ಹೋಲಿಸುವುದು ಇಲ್ಲಿ ಉದ್ದೇಶವಲ್ಲ. ಒಂದೇ ಶರೀರದಲ್ಲಿ ಎರಡು ಇರಬಲ್ಲವು, ಎರಡನ್ನೂ ಒಟ್ಟಿಗೆ ನೋಡಬಹುದು ಎಂಬ ದೃಷ್ಟಿಗೆ ಆ ಕಣ್ಣುಗಳು ಪಳಗಿವೆಯೆಂಬುದಷ್ಟೇ ತಾತ್ಪರ್ಯ. ರೋಗಿಯೂ ಹೌದು, ಬಾಳುವವನೂ ಹೌದು. ಇದೇ ಯಾಪ್ಯದ ಅರ್ಥ.

‘ಯಾಪ್ಯ’ವೆಂಬ ಶಬ್ದವೇ ಮರಳಿ ಬರಬೇಕೆಂಬ ಹಟವೇನೂ ಬೇಡ. ಸಂಸ್ಕೃತವು ಭಾರವೆನಿಸಿದರೆ ‘ಕಾಪಾಡಿಕೊಂಡು ಹೋಗುವ ರೋಗ’ವೆಂದಾದರೂ ಹೇಳಬಹುದು, ಮನೆಯ ಹೆಂಗಸರು ಇದಕ್ಕಿಂತ ಸೊಗಸಾದ ಅಚ್ಚಗನ್ನಡದ ಮಾತನ್ನು ಕಂಡುಕೊಂಡರೆ ಇನ್ನೂ ಲೇಸು. ಆರೋಗ್ಯವನ್ನು ಕುರಿತು ಬರೆಯುವವರು ಮಾತ್ರ ಮುಂದೆ ಯಾವ ಔಷಧದ ಸುದ್ದಿಯನ್ನು ಬರೆದರೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿ: ಎಷ್ಟು ಮಂದಿಯಲ್ಲಿ ನೋಡಿದರು? ಔಷಧ ತೆಗೆದುಕೊಳ್ಳದವರು ಏನಾದರು? ಎಷ್ಟು ವರ್ಷದವರೆಗೆ ನೋಡಿದರು? ಓದುವವರೂ ಈ ಮೂರನ್ನು ಕೇಳದೆ ಬಿಡದಿರಲಿ. ಅಷ್ಟಾದರೆ, ಚೀಟಿಯನ್ನು ಹಿಡಿದು ಪಡಸಾಲೆಗೆ ಬಂದ ಯಜಮಾನನು “ವಾಸಿ ಆಗೇತಿ” ಎಂದಾಗ ಮನೆಯಾಕೆಯು ಸಂತೋಷಪಟ್ಟು, “ಹಂಗಾದ್ರ ಗುಳಿಗಿ ಕೆಲಸ ಮಾಡಾಕತ್ತೈತಿ ಅಂತಾಯ್ತು, ತಗೊಳ್ರಿ, ನೀರು ಕೊಡ್ತೀನಿ” ಎನ್ನುವಳು.